ಎರಡು ವರ್ಷದ ಉಪ್ಪಿನಕಾಯಿ

ಗಾಜಿನ ಬಾಗಿಲು ಸರಿಯಾಗಿ ಮುಚ್ಚಿಕೊಳ್ಳುವಂತಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ. ಗುಂಡ್ಲುಪೇಟೆ ಬಸ್‌ಸ್ಟ್ಯಾಂಡ್ ಎದುರಿನ ಆ ಎಸ್‌ಟಿಡಿ ಬೂತಿನ ಕ್ಯಾಬಿನ್ ಬಾಗಿಲಿಗೆ ಮೊದಲಿನಿಂದಲೂ ನಾಲ್ಕು ಬೆರಳು ಸಂದು. ಒಳಗಿನವರ ಮಾತು ಅರ್ಧ ಆ ಸಂದಿನಿಂದ ಹೊರಗೆ ಬರುತ್ತಿತ್ತು, ಉಳಿದರ್ಧವನ್ನು ಬಸ್ಸಿನ ಹಾರ್ನ್ ನುಂಗಿಬಿಡುತ್ತಿತ್ತು.

ಕೌಂಟರಿನ ಹಿಂದೆ ಕೂರುವ ಬೃಂದಾ ಯಾರ ಮಾತನ್ನೂ ಕದ್ದು ಕೇಳುವವಳಲ್ಲ. ಒಬ್ಬನನ್ನು ಬಿಟ್ಟು. ಆ ಒಬ್ಬ, ದಿನಾ ಸಂಜೆ ಐದೂವರೆಗೆ ಬರುವ ಪಿ.ಟಿ. ಮೇಷ್ಟ್ರು ಮಹದೇವಸ್ವಾಮಿ. ಚಾಮರಾಜನಗರದವನು, ಗುಂಡ್ಲುಪೇಟೆಯ ಶಾಲೆಯಲ್ಲಿ ಮಕ್ಕಳನ್ನು ಓಡಿಸಿ ಓಡಿಸಿ ಬಿಸಿಲಿಗೆ ಕಂದಿದ ಉದ್ದನೆಯ ಆಳು. ಕೊರಳಿನ ವಿಷಲ್ ತೆಗೆಯಲು ಅವನಿಗೆ ಒಂದು ದಿನವೂ ನೆನಪಾಗಿದ್ದಿಲ್ಲ.

"ಸಾರ್, ಪೀಪಿ" ಎಂದು ಬೃಂದಾ ಕಣ್ಣಲ್ಲೇ ತೋರಿಸುತ್ತಿದ್ದಳು.

"ಇರ್ಲಿ ಬುಡಿ. ಬೂತಲ್ಲಿ ಯಾರಾದ್ರೂ ಫೌಲ್ ಮಾಡಿದ್ರೆ ಬೇಕಾಯ್ತದೆ."

ಆಮೇಲೆ ಅವನು ಕ್ಯಾಬಿನ್ನಿನೊಳಗೆ ಹೋಗಿ ನಂಬರ್ ಒತ್ತುವನು. ಒತ್ತುತ್ತಾ ಒಂದು ಸಲ ಗಾಜಿನ ಆಚೆ ನೋಡುವನು. ಆ ಹೊತ್ತಿಗೆ ಬೃಂದಾ ಮೀಟರ್ ನೋಡುತ್ತಿರುತ್ತಿದ್ದಳು. ಅವನು ಮುಖ ತಿರುಗಿಸಿದ ಮೇಲೆ ಇವಳು ತಲೆ ಎತ್ತುವಳು. ಆರು ತಿಂಗಳಿಂದ ಇಬ್ಬರದೂ ಇದೇ ಆಟ. ಒಂದು ಸಲ ಇಬ್ಬರ ಲೆಕ್ಕವೂ ತಪ್ಪಿ ನೋಟಗಳು ಸರಿಯಾಗಿ ಎದುರಾಗಿ, ಅವನು ರಾಂಗ್ ನಂಬರ್ ಒತ್ತಿ ಯಾರೋ ಮುದುಕಮ್ಮನಿಂದ ಬೈಸಿಕೊಂಡಿದ್ದ.

ಅದು 2002ನೇ ಇಸವಿ. ಸೆಪ್ಟೆಂಬರಿನ ಒಂದು ಸಂಜೆ ಸಂದಿನಿಂದ ಬಂದ ಮಾತು ಇಷ್ಟು:

"ಓಗದು ಪಕ್ಕಾ ಕಣ್ಲಾ ಸುಧಾಕರ... ನಾವ್ ನಾಲ್ಕೇ ಜನ... ಕ್ಯಾಲಿಕಟ್ ಮೇಲೆ... ಗಾಲ್ಫ್..."

ಮೇಷ್ಟ್ರು ಹೇಳಿದ್ದು ಗಾಲ್ಫ್. ಬೃಂದಾಳಿಗೆ ಕೇಳಿಸಿದ್ದು ಗಲ್ಫ್.

ಅವಳನ್ನು ಅನ್ನುವ ಹಾಗಿಲ್ಲ. ಗಾಲ್ಫ್ ಎಂಬ ಆಟವೊಂದಿದೆ ಎಂದು ತೆರಕಣಾಂಬಿಯ ಹುಡುಗಿಗೆ ಯಾರು ಹೇಳಬೇಕು? ಅವಳ ಊರಿನಲ್ಲಿ ಆಡುವುದು ಕಬಡ್ಡಿ, ಗೋಲಿ, ಇನ್ನು ದೊಡ್ಡವರಾದರೆ ಇಸ್ಪೀಟು. ಆದರೆ ಗಲ್ಫ್ ಗೊತ್ತಿಲ್ಲದವರು ಗುಂಡ್ಲುಪೇಟೆಯಲ್ಲಿಲ್ಲ. ಕಾಡು ದಾಟಿದರೆ ಕೇರಳ, ಕ್ಯಾಲಿಕಟ್‌ನಲ್ಲಿ ವಿಮಾನ ಹತ್ತಿದರೆ ದುಬೈ. ಹಾಗೆ ಹೋದವರ ಹೆಂಡತಿಯರು ಪ್ರತಿ ಶುಕ್ರವಾರ ಇದೇ ಬೂತಿನ ಬೆಂಚಿನ ಮೇಲೆ ಕೂತು ಫೋನಿಗೆ ಕಾಯುತ್ತಾರೆ. ಮೊದಲ ಎರಡು ನಿಮಿಷ ಅಳು, ಮೂರನೆಯ ನಿಮಿಷಕ್ಕೆ ಮಾತು, ಅಷ್ಟರಲ್ಲಿ ಲೈನ್ ಕಟ್. ಎರಡು ವರ್ಷಕ್ಕೆಂದು ಹೋದವರು ಐದು ವರ್ಷವಾದರೂ ಬಾರದ್ದನ್ನು ಬೃಂದಾ ನೋಡಿದ್ದಳು. ಅಂಥವರಿಗೆ ರಿಸೀವರ್ ಕೊಡುವಾಗೆಲ್ಲ, ಈ ಗತಿ ನನಗೆ ಬೇಡ ಎಂದುಕೊಳ್ಳುತ್ತಿದ್ದಳು.

ಆಮೇಲೆ ದಿನಕ್ಕೊಂದು ಮಾತು ಸಂದಿನಿಂದ ಬಂದು ನಾಟಿತು. "ಐರನ್ ಎಲ್ಲ ನಾನೇ ತತ್ತೀನಿ ಕಣ್ಲಾ" ಎಂದ ಒಂದು ದಿನ. ಗಲ್ಫ್‌ನಿಂದ ಜನ ಇಸ್ತ್ರಿಪೆಟ್ಟಿಗೆ ತರುತ್ತಾರೆ, ಇವರು ಇಲ್ಲಿಂದಲೇ ಹೊತ್ತುಕೊಂಡು ಹೋಗುತ್ತಾರಲ್ಲ ಎಂದು ಅವಳಿಗೆ ಆ ಸಂಕಟದಲ್ಲೂ ಆಶ್ಚರ್ಯವಾಯಿತು. "ನಾಲ್ಕು ಜನಕ್ಕೂ ಬೆಳಿಗ್ಗೆ ಆರೂವರೆಗೆ ಟೀ ಬುಕ್ ಮಾಡಿವ್ನಿ" ಎಂದ ಇನ್ನೊಂದು ದಿನ. ಟೀಯನ್ನೂ ಮುಂಚೆಯೇ ಬುಕ್ ಮಾಡಬೇಕಾದ ದೇಶದಲ್ಲಿ ಈ ಮನುಷ್ಯ ಏನು ಸುಖ ಕಾಣುತ್ತಾನೆ?

ನವೆಂಬರ್ ಹೊತ್ತಿಗೆ ಅವಳು ಧೈರ್ಯ ಮಾಡಿದಳು. ಚಿಲ್ಲರೆ ಕೊಡುತ್ತಾ, ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೇಳಿದಳು.

"ಅಲ್ಲಿ ಬಿಸಿಲು ಜಾಸ್ತಿಯಂತಲ್ಲ ಸಾರ್?"

ಅವನಿಗೆ ಖುಷಿಯಾಯಿತು. ತನ್ನ ಟ್ರಿಪ್ಪಿನ ಸಂಗತಿ ಇವಳಿಗೂ ತಿಳಿದಿದೆ! "ಬಿಸಿಲಿಗೇನು, ಟೋಪಿ ಹಾಕ್ಕಂಡ್ರೆ ಆಯ್ತು. ಸಮುದ್ರದ ಗಾಳಿ ಬತ್ತದಂತೆ."

"ಓಗ್ಲೇಬೇಕಾ?"

"ಏಳು ವರ್ಸದ ಆಸೆ ಬೃಂದಾ ಅವ್ರೇ. ಈ ಸಲ ಬುಟ್ರೆ ಇನ್ಯಾವತ್ತೂ ಆಗಲ್ಲ." ಸ್ವಲ್ಪ ಹೊತ್ತು ವಿಷಲ್ ದಾರವನ್ನು ಬೆರಳಿಗೆ ಸುತ್ತಿದ, ಬಿಚ್ಚಿದ. "ವಾಪಸ್ ಬಂದ್ಮೇಲೆ ನಿಮ್ಗೊಂದು ಮಾತು ಯೋಳ್ಬೇಕು."

"ಬಂದ್ಮೇಲಾ?"

"ಊಂ. ಈಗ ಧೈರ್ಯ ಬರ್ತಿಲ್ಲ."

ಒಂದು ಮಾತು ಕೇಳುವುದಕ್ಕೆ ಎರಡು ವರ್ಷ ಕಾಯಬೇಕು! ಬೃಂದಾಳಿಗೆ ಕೋಪ ಬಂತು, ಅಳುವೂ ಬಂತು. ಎರಡನ್ನೂ ನುಂಗಿಕೊಂಡು ಮುಂದಿನವರಿಗೆ ಲೈನ್ ಕೊಟ್ಟಳು.

ಮನೆಯಲ್ಲಿ ಎರಡು ತಿಂಗಳಿಂದ ಒಂದು ಸಂಬಂಧದ ಮಾತು ನಡೆಯುತ್ತಿತ್ತು. ಹುಡುಗ ಚಾಮರಾಜನಗರದಲ್ಲಿ ಗುಮಾಸ್ತ, ಒಳ್ಳೆಯ ಮನೆತನ. "ಅವ್ರಿಗೆ ಏನು ಯೋಳನ ಕಣಮ್ಮಿ?" ಎಂದು ಅಪ್ಪ ಮಾದಪ್ಪ ವಾರಕ್ಕೊಮ್ಮೆ ಕೇಳುವನು. ಇವಳು ಏನೋ ನೆವ ಹೇಳಿ ಜಾರಿಕೊಳ್ಳುವಳು. ಅವತ್ತು ರಾತ್ರಿ ಊಟಕ್ಕೆ ಕೂತಾಗ ಅವಳೇ ಹೇಳಿದಳು: "ಆಗ್ಲಿ ಬುಡಪ್ಪ. ಬರಾಕೆ ಯೋಳು." ಮಾದಪ್ಪ ಮರುದಿನವೇ ಹೋಗಿ ಮಾತು ಕೊಟ್ಟು ಬಂದ. ಭಾನುವಾರ ಎಲೆ ಅಡಿಕೆ ಬದಲಾಯಿಸಿಕೊಳ್ಳುವುದೆಂದು ಗೊತ್ತಾಯಿತು.

ಮೇಷ್ಟ್ರು ಹೊರಡುವುದು ಅದಕ್ಕೆ ಮುಂಚಿನ ಶುಕ್ರವಾರ. ಗುರುವಾರ ಸಂಜೆ ಬೃಂದಾ ಅಡುಗೆಮನೆಯ ಜಾಡಿಯಿಂದ ಹೆರಳೆಕಾಯಿ ಉಪ್ಪಿನಕಾಯಿ ತೆಗೆದು ದೊಡ್ಡ ಪ್ಲಾಸ್ಟಿಕ್ ಡಬ್ಬಕ್ಕೆ ತುಂಬಿದಳು. ಮೇಲೆ ಎಣ್ಣೆ ನಿಲ್ಲುವ ಹಾಗೆ ಸುರಿದಳು. ಮದುವೆ ಒಬ್ಬನ ಜೊತೆ, ಉಪ್ಪಿನಕಾಯಿ ಇನ್ನೊಬ್ಬನಿಗೆ, ಇದು ನ್ಯಾಯವೇ ಎಂದು ಮನಸ್ಸು ಕೇಳಿತು. ನ್ಯಾಯ ಅಲ್ಲ. ಆದರೂ ಮರಳುಗಾಡಿನಲ್ಲಿ ಅನ್ನಕ್ಕೆ ನಂಜಿಕೊಳ್ಳುವಾಗ ಒಂದು ಗಳಿಗೆ ನೆನೆಸಿಕೊಳ್ಳಲಿ ಎಂದು ಆಸೆಯಾಯಿತು. ಮುಚ್ಚಳಕ್ಕೆ ಬಟ್ಟೆ ಬಿಗಿದು ಕಟ್ಟಿದಳು.

ಶುಕ್ರವಾರ ಐದು ಗಂಟೆಗೇ ಅವನು ಬಂದ. ಹೆಗಲಲ್ಲಿ ಉದ್ದನೆಯ ಚೀಲ, ಮುಖದಲ್ಲಿ ಹಬ್ಬದ ಕಳೆ. ಸ್ನೇಹಿತರು ಚಾಮರಾಜನಗರದಿಂದ ಸುಮೋದಲ್ಲಿ ಬಂದು ಇಲ್ಲಿಂದಲೇ ಅವನನ್ನು ಹತ್ತಿಸಿಕೊಳ್ಳುವವರಿದ್ದರು.

"ಸಾರ್, ಇದು ನಿಮ್ಗೆ." ಬೃಂದಾ ಡಬ್ಬವನ್ನು ಕೌಂಟರಿನ ಮೇಲಿಟ್ಟಳು.

ಅವನು ಎತ್ತಿದ. ಕೈ ಜಗ್ಗಿತು. "ಇಷ್ಟೊಂದಾ? ಒಂದು ಮದುವೆ ಊಟಕ್ಕೆ ಆಯ್ತದಲ್ರೀ!"

"ದಿನಕ್ಕೊಂದು ಹೋಳು ಹಾಕ್ಕಂಡ್ರೆ ಎರಡು ವರ್ಸ ಬತ್ತದೆ. ನೀರು ಕೈ ಮುಟ್ಟಿಸ್ಬೇಡಿ, ಬೂಸ್ಟು ಬಂದ್ಬುಡ್ತದೆ."

"ಎರಡು ವರ್ಸನಾ? ನಾನು ಮಂಗಳವಾರ ಬತ್ತೀನಲ್ಲ."

"ಯಾವ ಮಂಗಳವಾರ?"

"ಬರೋ ಮಂಗಳವಾರ. ಎರಡೇ ದಿನ ರಜ ಕೊಟ್ಟಿರೋದು ಹೆಡ್‌ಮಾಸ್ಟ್ರು."

"ಗಲ್ಫಿಗೆ ಓಗಿ ಮಂಗಳವಾರ ವಾಪಸ್ ಬತ್ತೀರಾ?"

"ಗಲ್ಫಿಗೆ ಯಾರ್ ಓಗ್ತಾರೆ?"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಈ ಸಲ ಯಾರೂ ಕಣ್ಣು ತಪ್ಪಿಸಲಿಲ್ಲ; ತಪ್ಪಿಸುವುದು ನೆನಪಿಗೇ ಬರಲಿಲ್ಲ. ಅವನು ನಿಧಾನವಾಗಿ ಚೀಲದ ಜಿಪ್ ಎಳೆದು ಕಬ್ಬಿಣದ ತಲೆಯ ಒಂದು ಕೋಲು ತೆಗೆದ.

"ಇದು ಐರನ್ನು." ಜೇಬಿನಿಂದ ಒಂದು ಸಣ್ಣ ಮರದ ಮೊಳೆ ತೆಗೆದ. "ಇದು ಟೀ. ಚೆಂಡನ್ನ ಇದರ ಮ್ಯಾಲೆ ಇಟ್ಟು ಒಡೆಯದು. ಆಟ ಶುರು ಮಾಡೋ ಟೈಮ್ ಬುಕ್ ಮಾಡದನ್ನ ಟೀ ಬುಕ್ ಮಾಡದು ಅಂತೀವಿ. ಇದು ಗಾಲ್ಫ್ ಕಣ್ರೀ. ಆಟ!"

ಆಮೇಲೆ ತಡವರಿಸುತ್ತಾ ಉಳಿದದ್ದನ್ನು ಹೇಳಿದ. ಮೈಸೂರಿನಲ್ಲಿ ಓದುವಾಗ ನಾಲ್ವರೂ ಗಾಲ್ಫ್ ಮೈದಾನದಲ್ಲಿ ಸಾಹುಕಾರರ ಚೀಲ ಹೊರುತ್ತಿದ್ದರು. ಸೋಮವಾರ ಮಾತ್ರ ಅವರಿಗೂ ಆಡಲು ಬಿಡುತ್ತಿದ್ದರು. ಒಂದಲ್ಲ ಒಂದು ದಿನ ನಮ್ಮ ಚೀಲ ನಾವೇ ಹೊತ್ತುಕೊಂಡು, ಸಮುದ್ರ ಕಾಣುವ ಮೈದಾನದಲ್ಲಿ ಆಟಗಾರರಾಗಿ ಆಡಿ ಬರಬೇಕೆಂದು ಅವತ್ತೇ ಮಾತಾಡಿಕೊಂಡಿದ್ದರು. ಕ್ಯಾಲಿಕಟ್ ದಾಟಿದ ಮೇಲೆ ಅಂಥದ್ದೊಂದು ಜಾಗ ಸಿಕ್ಕಿತ್ತು. "ನಿಮ್ಗೆ ಯೋಳಕ್ಕೆ ನಾಚ್ಕೆ ಆಯ್ತಿತ್ತು. ಪಿ.ಟಿ. ಮೇಷ್ಟ್ರಿಗೆ ಯಾಕೆ ಸಾಹುಕಾರ್ರ ಆಟ ಅಂತ ನಗ್ತೀರೇನೋ ಅಂತ."

ಬೃಂದಾ ನಗದೆ ಇರಲಿಲ್ಲ. ಬಾಯಿಗೆ ದುಪಟ್ಟಾ ಒತ್ತಿಕೊಂಡು ನಕ್ಕಳು. ಇಸ್ತ್ರಿಪೆಟ್ಟಿಗೆ ನೆನೆದು ನಕ್ಕಳು, ಬುಕ್ ಮಾಡಿದ ಟೀ ನೆನೆದು ನಕ್ಕಳು. ಅವನೂ ನಗುತ್ತಿದ್ದ. ನಗುನಗುತ್ತಲೇ ಅವಳಿಗೆ ಭಾನುವಾರ ನೆನಪಾಯಿತು, ಕಣ್ಣಿಂದ ನೀರು ಇಳಿಯಿತು.

"ನಾನು ಊಂ ಅಂದ್ಬುಟ್ಟೆ ಸಾರ್."

"ಯಾರ್ಗೆ?"

"ನಮ್ಮಪ್ಪಂಗೆ. ನೀವು ಗಲ್ಫಿಗೆ ಓಯ್ತೀರ ಅಂದ್ಕಂಡು. ಭಾನುವಾರ ಎಲೆ ಅಡಿಕೆ."

ಮಹದೇವಸ್ವಾಮಿ ಕೋಲನ್ನು ಚೀಲಕ್ಕೆ ಹಾಕಿದ. ಅವನ ಮುಖದ ಹಬ್ಬ ಪೂರ್ತಿ ಇಳಿದುಹೋಗಿತ್ತು.

"ತಪ್ಪು ನಂದು" ಎಂದ. "ಈ ಟ್ರಿಪ್ಪು ಒಂದೇ ಫೋನಲ್ಲಿ ಮುಗಿಯೋ ಕೆಲಸ. ಎರಡು ತಿಂಗಳು ಎಳೆದವನು ನಾನು. ಮೂರು ಸಲ ತಾರೀಕು ಬದ್ಲಾಯಿಸ್ದೆ. ಯಾರು ಏನು ತರ್ಬೇಕು ಅಂತ ದಿನಕ್ಕೊಂದು ಸಾಮಾನು ಕೇಳ್ದೆ. ಸುಧಾಕರ ರೇಗ್ಬುಟ್ಟು, ನೀನು ಪ್ಲಾನ್ ಮಾಡ್ತಿರದು ಟ್ರಿಪ್ಪೋ ಇನ್ನೇನೋ ಅಂದ. ದಿನಾ ಇಲ್ಲಿಗೆ ಬರಾಕೆ ನಂಗೆ ಬೇರೆ ನೆವ ಇರ್ನಿಲ್ಲ ಬೃಂದಾ."

ಹೆಸರಿನ ಹಿಂದಿದ್ದ 'ಅವ್ರೇ' ಬಿದ್ದುಹೋದದ್ದು ಇಬ್ಬರಿಗೂ ಗೊತ್ತಾಯಿತು. ಆರು ತಿಂಗಳು ಕಾದ ಮಾತು ಇಂಥ ಹೊತ್ತಿನಲ್ಲಿ ಬಂದಿತಲ್ಲ ಎಂದು ಅವಳ ಎದೆ ಹಿಂಡಿತು. ಆದರೂ ಬಂದಿತಲ್ಲ ಎಂದು ಹಿಗ್ಗಿತು ಕೂಡ.

ಹೊರಗೆ ಸುಮೋ ಬಂದು ನಿಂತು ಹಾರ್ನ್ ಹೊಡೆಯಿತು.

"ನಾನು ಓಗಲ್ಲ" ಎಂದ. "ಈಗ್ಲೇ ಬಂದು ನಿಮ್ಮಪ್ಪನ್ನ ಕೇಳ್ತೀನಿ."

"ಬ್ಯಾಡಿ." ಬೃಂದಾ ಕಣ್ಣೊರೆಸಿಕೊಂಡಳು. "ಊಂ ಅಂದೋಳು ನಾನು. ಇಲ್ಲ ಅನ್ನಬೇಕಾದೋಳೂ ನಾನೇ. ನಾನು ಯೋಳಕ್ಕೆ ಮುಂಚೆ ನೀವು ಬಂದ್ರೆ ನಮ್ಮಪ್ಪ ತಲೆ ತಗ್ಗಿಸ್ಬೇಕಾಯ್ತದೆ. ಏಳು ವರ್ಸ ಕಾದಿದ್ದೀರ, ಓಗಿ ಆಡ್ಕಂಡ್ ಬನ್ನಿ."

ಅವನು ಹೋದ. ಅವಳು ಬೂತಿನ ಷಟರ್ ಎಳೆದು ಆರು ಗಂಟೆಯ ಬಸ್ಸು ಹತ್ತಿದಳು. ತೆರಕಣಾಂಬಿ ಅರ್ಧ ಗಂಟೆಯ ದಾರಿ. ಅವಳು ಕಟ್ಟಿಕೊಂಡ ಮಾತೆಲ್ಲ ಊರು ಬರುವಷ್ಟರಲ್ಲಿ ಬಿಚ್ಚಿಹೋಗಿತ್ತು.

ಮಾದಪ್ಪ ಮನೆ ಮುಂದೆ ಹಸುವಿಗೆ ಹುಲ್ಲು ಹಾಕುತ್ತಿದ್ದ.

"ಅಪ್ಪ, ಭಾನುವಾರ ಅವ್ರು ಬರದು ಬ್ಯಾಡ."

ಹುಲ್ಲು ಹಿಡಿದ ಕೈ ಹಾಗೇ ನಿಂತಿತು. "ಯಾಕಮ್ಮಿ? ನೀನೇ ತಾನೆ ಊಂ ಅಂದದ್ದು?"

"ತಪ್ಪು ತಿಳ್ಕಂಡು ಅಂದ್ಬುಟ್ಟೆ."

"ಇದೇನು ನಿನ್ನ ಬೂತಿನ ರಾಂಗ್ ನಂಬರಾ, ಇಟ್ಬುಡಕೆ? ನಾನು ಮಾತು ಕೊಟ್ಟಿವ್ನಿ. ಅವ್ರು ಒಳ್ಳೆ ಜನ."

"ಒಳ್ಳೆ ಜನ ಅಂತ್ಲೇ ಈಗ ಯೋಳ್ತಾ ಇವ್ನಿ ಕಣಪ್ಪ. ಮನಸ್ಸು ಒಂದ್ಕಡೆ ಮಡಿಕ್ಕಂಡು ಅವ್ರ ಮನೆಗೆ ಓದ್ರೆ ಅವ್ರಿಗೆ ಮೋಸ."

ಮಾದಪ್ಪ ಜಗಲಿಯ ಮೇಲೆ ಕೂತ. ಟವೆಲ್ಲಿನಿಂದ ಮುಖ ಒರೆಸಿದ, ಮತ್ತೆ ಒರೆಸಿದ.

"ನಾಳೆ ಮೊದಲ ಬಸ್ಸಿಗೆ ನಾನೇ ಓಗಿ ಕೈ ಮುಗಿಬೇಕು. ಫೋನಲ್ಲಿ ಯೋಳೋ ಮಾತಲ್ಲ ಇದು." ಟವೆಲ್ಲನ್ನು ತೊಡೆಯ ಮೇಲೆ ಇಟ್ಟುಕೊಂಡು ಕೇಳಿದ: "ಯಾರು?"

"ಪಿ.ಟಿ. ಮೇಷ್ಟ್ರು. ಮಹದೇವಸ್ವಾಮಿ ಅಂತ."

"ಎಲ್ಲವ್ನೆ ಈಗ?"

"ಸಮುದ್ರದ ತಾವಕ್ಕೆ ಓಗವ್ರೆ. ಚೆಂಡಾಡಕೆ."

"ನೀನಿಲ್ಲಿ ನನ್ ಮುಂದೆ ಗಡಗಡ ಅಂತಿದ್ದೀಯೆ, ಅವ್ನು ಚೆಂಡಾಡಕೆ ಓಗವ್ನಾ?"

"ನಾನೇ ಓಗಿ ಅಂದೆ."

ಬಾಗಿಲಲ್ಲಿ ನಿಂತಿದ್ದ ತಾಯಿ ಗುರುಸಿದ್ದಮ್ಮ ಮೆಲ್ಲಗೆ ಬಾಯಿ ಹಾಕಿದಳು: "ಜಾಡಿ ತಳ ಕಂಡಾಗ್ಲೇ ನಂಗೆ ಅನುಮಾನ ಬಂತು. ಒಂದ್ ಜಾಡಿ ಹೆರಳೆಕಾಯಿ ಯಾರೂ ಸುಮ್ಕೆ ಕೊಡಾಕಿಲ್ಲ."

ಮಾದಪ್ಪ ಹೆಂಡತಿಯನ್ನು ನೋಡಿದ, ಮಗಳನ್ನು ನೋಡಿದ. "ಓಗು ಅಂದ್ರೆ ಓಗೋನು, ಅದು ಸರಿ. ಕರದ್ರೆ ಬತ್ತನಾ?"

"ಬತ್ತರೆ." ಆ ಧೈರ್ಯ ಎಲ್ಲಿಂದ ಬಂತೋ ಅವಳಿಗೇ ತಿಳಿಯಲಿಲ್ಲ.

"ಅಂಗಾರೆ, ನೀನು ಬಂದ ಗಳಿಗೆಯಿಂದ ಡೈರಿ ಮುಂದೆ ನಿಂತ್ಕಂಡು ನಮ್ಮನೆ ಕಡೇನೇ ನೋಡ್ತಾ ಅವ್ನಲ್ಲ, ಆ ಉದ್ದನೆ ಆಳು ಯಾರು?"

ಬೃಂದಾ ತಿರುಗಿದಳು. ಹಾಲಿನ ಡೈರಿಯ ದೀಪದಡಿ ಸುಮೋ ನಿಂತಿತ್ತು, ಅದರ ಕಿಟಕಿಯಲ್ಲಿ ಮೂರು ತಲೆ. ಮುಂದೆ ಮಹದೇವಸ್ವಾಮಿ. ಕಾಡಿನ ಚೆಕ್‌ಪೋಸ್ಟ್‌ವರೆಗೆ ಹೋದವನು ಮುಂದಕ್ಕೆ ಮನಸ್ಸು ಬಾರದೆ ಗಾಡಿ ತಿರುಗಿಸಿ, ಅವಳು ಹತ್ತಿದ ಬಸ್ಸಿನ ಹಿಂದೆಯೇ ಬಂದಿದ್ದ. ಆಟ ಇರುವುದು ಭಾನುವಾರ, ನಾಳೆ ಬೆಳಿಗ್ಗೆ ಹೊರಟರೂ ಆಯಿತೆಂದು ಸ್ನೇಹಿತರೂ ಬೈಯುತ್ತಲೇ ಜೊತೆಗೆ ಬಂದಿದ್ದರು. ಅವಳು ಬರಬೇಡಿ ಎಂದಿದ್ದಳು, ಅದಕ್ಕೇ ಅವನು ರಸ್ತೆ ದಾಟಿರಲಿಲ್ಲ. ಬಿಟ್ಟು ಹೋಗಲೂ ಅವನಿಂದ ಆಗಿರಲಿಲ್ಲ. ಅಷ್ಟು ದೂರದಿಂದಲೂ ಅವನ ಮುಖದ ದಿಗಿಲು ಅವಳಿಗೆ ಕಾಣಿಸಿತು, ಈ ಮನುಷ್ಯನ ಮೇಲೆ ಅವಳಿಗೆ ಎಂದೂ ಇಲ್ಲದಷ್ಟು ಪ್ರೀತಿ ಉಕ್ಕಿತು.

"ಕರಿ, ನೋಡನ" ಎಂದ ಮಾದಪ್ಪ.

ಏನೆಂದು ಕರೆಯುವುದು? ಸಾರ್ ಎಂದರೆ ಇವತ್ತಿಗೆ ಅದು ಸುಳ್ಳು. ಹೆಸರು ಹಿಡಿದು ಕೂಗಲು ಅಪ್ಪನ ಮುಂದೆ ನಾಲಿಗೆ ಏಳದು. ಬೃಂದಾ ಅಂಗಳದ ಅಂಚಿಗೆ ಬಂದು ನಿಂತಳು. ಅಕ್ಕಪಕ್ಕದ ಜಗಲಿಗಳಲ್ಲಿ ಜನ ಕೂತಿದ್ದರು. ಕೇಳಿಸಿದರೆ ಕೇಳಿಸಲಿ.

"ರೀ..." ಎಂದು ಕೂಗಿದಳು. "ಬನ್ನಿ ಒಳೀಕೆ."

ಮಹದೇವಸ್ವಾಮಿ ರಸ್ತೆಯ ಎಡಬಲ ನೋಡದೆ ದಾಟಿ ಬಂದ. ಮಗಳ ಬಾಯಲ್ಲಿ ಬಂದ ಆ ಕರೆ ಕೇಳಿ ಮಾದಪ್ಪನಿಗೆ ಇನ್ನು ವಿಚಾರಿಸಲು ಏನೂ ಉಳಿಯಲಿಲ್ಲ. ಅವನು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಹೆಂಡತಿಯ ಕಡೆ ತಿರುಗಿದ.

"ಚಾಪೆ ಆಸು ಓಗು."