ತಕರಾರು ಹೇಳುವ ಕಂಪೈಲರ್

"ಎಂತ ಮಾರಾಯ್ರೆ ಇದು! ಯಾರು ಬರೆದದ್ದು ಈ ಮ್ಯಾಕ್ರೋ?"

ಮಲೇಷ್ಯಾದ ಸೈಬರ್‌ಜಯಾದ ಆ ತಣ್ಣನೆಯ ಆಫೀಸಿನಲ್ಲಿ ಇಂಚರಳ ಕಿವಿಗೆ ಕನ್ನಡ ಬಿದ್ದದ್ದು ಅದೇ ಮೊದಲು. ಅದೂ ತನ್ನ ಕೋಡಿನ ತುಣುಕಿಗೆ ಬೈಗುಳವಾಗಿ!

ಮೈಸೂರಿನ ಹುಡುಗಿ ಸರ್ರನೆ ತಿರುಗಿದಳು. "ನಾನೇ ಬರೆದಿದ್ದು. ಏನೀಗ?"

ಲಿನಕ್ಸ್ ತಂಡಕ್ಕೆ ಹೊಸದಾಗಿ ಸೇರಿದ್ದ ಉಡುಪಿಯ ಸ್ವರೂಪ್ ತಬ್ಬಿಬ್ಬಾದ. ತನಗೆ ತಾನೇ ಗೊಣಗಿಕೊಂಡದ್ದು ಇನ್ನೊಬ್ಬರಿಗೆ ಅರ್ಥವಾದೀತೆಂದು ಅವನು ಎಣಿಸಿರಲಿಲ್ಲ.

"ನನ್ನ ವಿಂಡೋಸ್ ಮಶಿನ್‌ನಲ್ಲಿ ಚೆನ್ನಾಗೇ ಓಡತ್ತಲ್ಲಾ..." ಎಂದಳು ಇಂಚರ.

"ಓಡ್ತದೆ. ಕೋಡಿನ ತಪ್ಪು ಹಿಡಿದು ಹೇಳ್ಬೇಕಾದ ನಿಮ್ಮ ಹಳೇ ಕಂಪೈಲರ್ ಬಾಯಿ ಮುಚ್ಚಿಕೊಂಡು ಒಪ್ಪಿಕೊಳ್ತದೆ. ಬಾಣದ ಗುರುತಿಗೂ ಮುಂದಿನ ಹೆಸರಿಗೂ ಜೋಡಿ ಹ್ಯಾಶ್ ಹಾಕಿ ಅಂಟಿಸಿದ್ದೀರಿ. ಅವೆರಡೂ ಸೇರಿ ಒಂದು ಪದ ಆಗೂದಿಲ್ಲ. ನಮ್ಮ ಲಿನಕ್ಸಿನ ಕಂಪೈಲರ್ ಜಿಸಿಸಿ ತಕರಾರು ಮಾಡ್ತದೆ."

"ಹಾಗಾದ್ರೆ ಏನ್ ಮಾಡ್ಬೇಕು?"

"ಹ್ಯಾಶ್ ತೆಗೀರಿ. ಎರಡೂ ಪಕ್ಕಪಕ್ಕ ಇದ್ರೆ ಸಾಕು."

ಇಂಥ ಅಂಟು ಕೋಡಿನ ತುಂಬ ಇತ್ತು. ಇಬ್ಬರೂ ಕೂತು ಒಂದೊಂದಾಗಿ ಬಿಡಿಸತೊಡಗಿದರು. ಮಧ್ಯಾಹ್ನ ತಮಿಳು ಮುಸ್ಲಿಮರ ಮಾಮಕ್ ಅಂಗಡಿಯಲ್ಲಿ ಪರೋಟದಂಥ ರೊಟ್ಟಿ ಚನಾಯ್, ಜೊತೆಗೆ ಜಗಳ, ನಗು. ಈ ದೇಶಕ್ಕೆ ಬಂದ ಒಂದು ವರ್ಷದಿಂದ ಬಿಗಿದಿದ್ದ ಅವಳ ಎದೆ ಹಗುರಾಗುತ್ತ ಬಂತು.

ಒಂದು ದಿನ ಸ್ವರೂಪ್ ಟೀ ಲೋಟ ಕೆಳಗಿಟ್ಟ.

"ದೂರದ ಪೆನಾಂಗ್ ಆಫೀಸಿಗೆ ಕರೀತಿದ್ದಾರೆ. ಶುಕ್ರವಾರ ಸಂಜೆಯೊಳಗೆ ಉತ್ತರ ಕೊಡ್ಬೇಕು. ನೀವೆಂತ ಹೇಳ್ತೀರಿ?"

ಹೋಗಬೇಡಿ! ಎಂದು ಅವಳ ಜೀವ ಕೂಗಿಕೊಂಡಿತು. ಬಾಯಿ ಮಾತ್ರ, "ಒಳ್ಳೇದಾಯ್ತು ಬಿಡಿ, ಕಂಗ್ರಾಟ್ಸ್!" ಎಂದಿತು.

ಇವಳಿಗೆ ತಾನು ಆಫೀಸಿನ ಪರಿಚಯ ಮಾತ್ರ ಎಂದುಕೊಂಡ ಅವನು, ಮರುದಿನದಿಂದ ಊಟಕ್ಕೆ ಬರಲಿಲ್ಲ. ಹೋಗುವ ಖುಷಿಯಲ್ಲಿ ತನ್ನನ್ನು ಮರೆತೇಬಿಟ್ಟನೆಂದು ಅವಳೂ ಕೊರಗಿದಳು. ಇಬ್ಬರೂ ಮಹಾ ಬುದ್ಧಿವಂತರು, ಏನು ಪ್ರಯೋಜನ?

ಸಂಜೆ ತಪಾವ್, ಅಂದರೆ ಪಾರ್ಸೆಲ್ ಮಾಡಿಸಿ ತಂದ ಅನ್ನ ಹಾಗೇ ಆರುತ್ತಿತ್ತು.

"ಊಟ ಆಯ್ತಾ ಪುಟ್ಟಿ? ಚೆನ್ನಾಗಿದೀಯಾ?" ಫೋನಿನಲ್ಲಿ ಅಮ್ಮ.

"ಹೂಂ ಅಮ್ಮ, ಚೆನ್ನಾಗಿದೀನಿ."

ಫೋನಿಟ್ಟ ಮೇಲೆ ಆ ಮನೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೇನಿಲ್ಲ. ಯಾರಿದ್ದಾರೆ ನನಗೆ ಇಲ್ಲಿ? ಅವಳು ಬಿಕ್ಕಿ ಬಿಕ್ಕಿ ಅತ್ತಳು.

ಶುಕ್ರವಾರ ಅಂಟು ಬಿಡಿಸಲು ಉಳಿದದ್ದು ಕೊನೆಯ ಫೈಲ್. ಇನ್ನೂ ತಿದ್ದದ ಅದನ್ನು ಅಭ್ಯಾಸಬಲದಿಂದ ತನ್ನ ಹಳೆಯ ಕಂಪೈಲರಿಗೇ ಕೊಟ್ಟಳು. ಒಳಗೆ ತಪ್ಪು ಹಾಗೇ ಇತ್ತು. ಆದರೂ ಅದು ತುಟಿ ಪಿಟಕ್ಕೆನ್ನಲಿಲ್ಲ.

ನಾನೂ ಹೀಗೇ ಅಲ್ವಾ? ಅಮ್ಮ ಕೇಳಿದರೂ ಚೆನ್ನಾಗಿದೀನಿ, ಅವನು ಕೇಳಿದರೂ ಒಳ್ಳೇದಾಯ್ತು... ಒಳಗೆ ಒಡೆದುಹೋಗಿರೋದು ಯಾರಿಗೆ ಗೊತ್ತಾಗಬೇಕು?

ಎದ್ದವಳೇ ಅವನ ಮೇಜಿನತ್ತ ಓಡಿದಳು. ಅವನು ಪೆನಾಂಗ್ ಆಫೀಸಿಗೆ ಒಪ್ಪಿಗೆಯ ಮೇಲ್ ಬರೆದು ಮುಗಿಸುತ್ತಿದ್ದ.

"ಸ್ವರೂಪ್, ಕಳಿಸ್ಬೇಡಿ!"

ಇಡೀ ಆಫೀಸು ತಿರುಗಿ ನೋಡಿತು.

"ಅವತ್ತು ಕಂಗ್ರಾಟ್ಸ್ ಅಂದಿದ್ದು ಸುಳ್ಳು. ನೀವು ಹೋಗೋದು ನಂಗೆ ಬೇಡ. ನೀವಂದ್ರೆ... ನೀವಂದ್ರೆ ನಂಗಿಷ್ಟ!"

ಕನ್ನಡ ಯಾರಿಗೂ ಬಾರದು. ಪಕ್ಕದ ತಮಿಳು ಹುಡುಗಿ ಮಾತ್ರ ಅರ್ಧಂಬರ್ಧ ಅರ್ಥವಾಗಿ ಬಾಯಿಗೆ ಕೈ ಇಟ್ಟುಕೊಂಡಳು.

ಸ್ವರೂಪನ ಕಣ್ಣು ತುಂಬಿತು. "ಕೇಳಿದಾಗಲೇ ಹೇಳ್ಬಾರದಿತ್ತಾ?"

"ಭಯ ಆಯ್ತು. ನೀವು ನಕ್ಕುಬಿಟ್ರೆ ಅಂತ..."

"ಇದೊಂದು ಮಾತಿಗೆ ನಾನೆಷ್ಟು ಕಾದಿದ್ದೆ ಗೊತ್ತುಂಟಾ?"

ಅವನು ಬರೆದದ್ದನ್ನೆಲ್ಲ ಅಳಿಸಿ, ಬರಲಾಗುವುದಿಲ್ಲ ಎಂದು ಬರೆದ. ಆಮೇಲೆ ತಲೆಯೆತ್ತಿದ.

"ಕಾರಣ ಕೇಳ್ತಾರಲ್ಲ, ಎಂತ ಹೇಳೂದು?"

ಇಂಚರ ಕಣ್ಣೊರೆಸಿಕೊಂಡು ನಕ್ಕಳು.

"ನನ್ನ ಹೆಸರು ಹೇಳಿ."