ವಿಮಲೆಯ ಗಂಡ

"ಮತ್ತೆಂತಾಯ್ತು?" ಬೀಡಿಗೆ ನೂಲು ಸುತ್ತುತ್ತಿದ್ದ ಕುಕ್ಕಪ್ಪ ಕಣ್ಣೆತ್ತಿ ಕೇಳಿದ.

ಆ ನೋಟವೊಂದು ಬಂದರೆ ಪೂವಮ್ಮನಿಗೆ ಓದುತ್ತಿದ್ದ ಸಾಲೇ ತಪ್ಪಿಹೋಗುತ್ತಿತ್ತು. ಮದುವೆಯಾಗಿ ವರ್ಷವಾಗಿದ್ದರೂ ಅದೇ ಕತೆ.

ಕುಕ್ಕಪ್ಪ ಜಾಲ್ಸೂರು ಬಸ್ಸಿನ ಕ್ಲೀನರ್. ಅಕ್ಷರ ಬಾರದು, ಕತೆಯ ಮರ್ಲು ಮಾತ್ರ ವಿಪರೀತ. ಹಂಝಾಕನ ಗೂಡಂಗಡಿಯಿಂದ ವಾರಪತ್ರಿಕೆ ತರುವನು. ಹತ್ತನೇ ಕ್ಲಾಸು ಪಾಸಾದ ಹೆಂಡತಿ ಧಾರಾವಾಹಿ ಓದಬೇಕು, ಅವಳ ಪಾಲಿನ ಬೀಡಿ ಇವನು ಕಟ್ಟಬೇಕು. ಹಾಗೆ ಅವರೊಳಗೆ ಒಪ್ಪಂದ.

ಆ ದಿನ ಪೂವಮ್ಮ ಬೇಕೆಂದೇ ಸಾಲು ತಪ್ಪಿಸಿದಳು. ಧಾರಾವಾಹಿಯ ವಿಮಲೆ, ವಕೀಲ ಗಂಡ ಉಂಡೆದ್ದ ಮೇಲೆ ಒಬ್ಬಳೇ ಊಟಕ್ಕೆ ಕೂತಿದ್ದಳು. ಪೂವಮ್ಮ ಓದಿದ್ದು ಬೇರೆ: "ಗಂಡ ಅವಳ ಕೈ ಹಿಡಿದು ಪಕ್ಕದಲ್ಲೇ ಕೂರಿಸಿಕೊಂಡ."

ಮರುದಿನ ಕುಕ್ಕಪ್ಪ ತನ್ನ ಬಟ್ಟಲಿನ ಪಕ್ಕ ಇನ್ನೊಂದು ಬಟ್ಟಲಿಟ್ಟ. ಅವನ ತಾಯಿ ದುಗ್ಗಮ್ಮ ದುರುಗುಟ್ಟಿ ನೋಡಿದರು.

"ಪುಸ್ತಕದಲ್ಲೇ ಉಂಟಮ್ಮ. ವಕೀಲರೂ ಹೀಗೇ ಮಾಡುದು."

ಅಚ್ಚಾದದ್ದನ್ನು ಓದುವವರು ಬದಲಾಯಿಸಬಹುದೆಂದು ಅವನಿಗೆ ಹೊಳೆದಿರಲಿಲ್ಲ, ಪಾಪ. ಪೂವಮ್ಮ ತಲೆ ತಗ್ಗಿಸಿಕೊಂಡೇ ಅವನ ಪಕ್ಕ ಉಣ್ಣಲು ಕೂತಳು.

ಹಾಗಂತ ನಿಲ್ಲಿಸಿದಳಾ? ಇಲ್ಲ. ಪುತ್ತೂರಿಗೆ ಹೋಗಿ ಟೀಚರ್ ಟ್ರೈನಿಂಗ್ ಮಾಡಬೇಕೆಂಬುದು ಅವಳ ಮದುವೆಗೆ ಮುಂಚಿನ ಆಸೆ. ಮುಂದಿನ ವಾರ ಪೂವಮ್ಮನ ಓದಿನಲ್ಲಿ ವಿಮಲೆಯ ಗಂಡ ತಾನಾಗಿಯೇ ಹೆಂಡತಿಯನ್ನು ಟ್ರೈನಿಂಗಿಗೆ ಕಳಿಸಿಬಿಟ್ಟ. ಅಚ್ಚಿನಲ್ಲಾದರೆ ವಿಮಲೆ ಇದ್ದ ಕೆಲಸವನ್ನೂ ಬಿಟ್ಟು ಅವನ ಕಾಲು ಹಿಡಿದಿದ್ದಳು.

ಕುಕ್ಕಪ್ಪ ಅಮ್ಮನ ಹತ್ತಿರ ಪೂವಮ್ಮನನ್ನೂ ಟ್ರೈನಿಂಗಿಗೆ ಕಳಿಸುವ ಮಾತೆತ್ತಿದ. ಮಾತು ಜಗಳವಾಯಿತು. ಸೊಸೆಯನ್ನು ಊರು ಬಿಟ್ಟು ಕಳಿಸುವ ಮನೆಯಲ್ಲಿ ತಾನಿರುವುದಿಲ್ಲವೆಂದು ದುಗ್ಗಮ್ಮ ಮಂಡೆಕೋಲಿನ ಮಗಳ ಮನೆಗೆ ಹೊರಟೇಹೋದರು. ಅಮ್ಮನನ್ನು ಬಸ್ಸು ಹತ್ತಿಸಿ ಬಂದ ಕುಕ್ಕಪ್ಪನ ಕಣ್ಣು ಕೆಂಪಗಿತ್ತು.

"ನೀನು ಹೋಗು. ಅಮ್ಮನ ಸಿಟ್ಟು ಇಳೀತದೆ," ಎಂದ.

ಪೂವಮ್ಮನಿಗೆ ತಡೆಯಲಾಗಲಿಲ್ಲ. "ಕತೆಯಲ್ಲಿ ಹಾಗಿಲ್ಲ ಮಾರಾಯ್ರೆ. ನಾನೇ ಸೇರಿಸಿ ಓದಿದ್ದು."

"ವಿಮಲೆ ಟ್ರೈನಿಂಗಿಗೆ ಹೋದದ್ದು?"

"ಸುಳ್ಳು."

"ಒಟ್ಟಿಗೆ ಊಟಕ್ಕೆ ಕೂತದ್ದು?"

"ಅದೂ. ನಿಮಗೆ ಓದ್ಲಿಕ್ಕೆ ಬರುದಿಲ್ಲ ಅಂತ ಗೊತ್ತಿದ್ದೇ ಮಾಡಿದೆ." ಅವಳು ಅತ್ತುಬಿಟ್ಟಳು.

ಕುಕ್ಕಪ್ಪ ಪತ್ರಿಕೆ ಎತ್ತಿಕೊಂಡು ಹಾಳೆ ಮಗುಚಿದ. ಎಷ್ಟು ನೋಡಿದರೂ ಅವನಿಗೆ ಚಿತ್ರ ಮಾತ್ರ ತಿಳಿಯಿತು.

"ಬಸ್ಸಿನಲ್ಲಿ ಎಲ್ಲರಿಗೂ ವಿಮಲೆಯ ಗಂಡನ ಕತೆ ಹೇಳಿದ್ದೆ. ನಗಾಡಿದವರ ಹತ್ತಿರ ಜಗಳ ಮಾಡಿದ್ದೆ."

"ನಾನು ಹೋಗುದಿಲ್ಲ. ಅತ್ತೆಯನ್ನು ಕರ್ಕೊಂಡು ಬನ್ನಿ."

"ಅಮ್ಮನನ್ನು ಕರ್ಕೊಂಡು ಬರ್ತೇನೆ. ನೀನು ಹೋಗುದು ಹೋಗುದೇ." ಅವಳ ಕಣ್ಣೊರೆಸಲು ಎತ್ತಿದ ಕೈಯನ್ನು ಅವನು ಅರ್ಧದಲ್ಲೇ ನಿಲ್ಲಿಸಿದ. "ಅಷ್ಟೆಲ್ಲ ಕತೆ ಕಟ್ಟುವ ಬದಲು, ಒಂದು ಸಲ ನನ್ನ ಹತ್ತಿರ ಕೇಳ್ಬಹುದಿತ್ತಲ್ಲ ಪೂವಮ್ಮ?"

ಅವಳು ಆ ಕೈಯನ್ನು ಹಿಡಿದುಕೊಂಡು ಕೆನ್ನೆಗೆ ಒತ್ತಿಕೊಂಡಳು. ಕೇಳಬೇಕೆಂದು ಅವಳಿಗೆ ಯಾವತ್ತೂ ಅನ್ನಿಸಿಯೇ ಇರಲಿಲ್ಲ.