ಪಚ್ಚಿ ಕಲಿತ ಯಜಮಾನರ ಹೆಸರು

ಕಾಗೆಗಳೂ ಬೆಳ್ಳಗಿದ್ದ ಕಾಲ. ಏಳು ಬೆಟ್ಟಗಳಾಚೆ ಗಿಣಿಗೆರೆ ಅಂತ ಒಂದು ರಾಜ್ಯ. ಅಲ್ಲಿ ಪುಟ್ಟೀರಮ್ಮ ಅನ್ನುವವಳು ಗಿಣಿಗಳಿಗೆ ಮಾತು ಕಲಿಸುತ್ತಿದ್ದಳು. ಅರಮನೆ ಪಂಡಿತರ ಗಿಣಿಗಳು ಶ್ಲೋಕ ಒದರುತ್ತಿದ್ದವು. ಬೆಲ್ಲ ಯಾವುದು, ಕಲ್ಲು ಯಾವುದು ಗೊತ್ತಿರಲಿಲ್ಲ. ಪುಟ್ಟೀರಮ್ಮನ ಪದ್ಧತಿಯೇ ಬೇರೆ. ಮೊದಲು ಕಚ್ಚು, ರುಚಿ ನೋಡು, ಆಮೇಲೆ ಹೆಸರು ಹೇಳು. ಸರಿಯಾಗಿ ಹೇಳಿದರೆ ಅದೇ ಪದಾರ್ಥ ಬಹುಮಾನ. ಅವಳ ಪಚ್ಚಿ ಗಿಣಿ ಹೀಗೇ ನೂರು ಹೆಸರು ಕಲಿತಿತ್ತು. ಮೆಣಸಿನಕಾಯಿಯನ್ನು ಮಾತ್ರ ಬೇಕಂತಲೇ ಇಪ್ಪತ್ತು ಸಲ ಕಲಿತಿತ್ತು, ಕಳ್ಳಿ!

ಅವಳ ಗಂಡ ಸಿಂಗಾರಯ್ಯ ಒಳ್ಳೆಯವನೇ, ಮಲಗಿದರೆ ಮಾತ್ರ ಕೊರಡು. ಒಂದು ಮಧ್ಯಾಹ್ನ ಗುಡುಗುಮೀಸೆ ಮಾಂತ್ರಿಕನ ಮರದಡಿ ಮಲಗಿ ಗೊರಕೆ ಹೊಡೆದ. ಗೊರಕೆಗೆ ಮಾಂತ್ರಿಕನ ಮಂತ್ರ ತಪ್ಪಿಹೋಯಿತು. ಸಿಟ್ಟಿಗೆದ್ದವನು ಸಿಂಗಾರಯ್ಯನನ್ನು ಕುಂಬಳಕಾಯಿ ಮಾಡಿಬಿಟ್ಟ.

ಪುಟ್ಟೀರಮ್ಮ ಪಚ್ಚಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಓಡಿದಳು. "ಅಯ್ಯಾ, ನಮ್ಮ ಯಜಮಾನರನ್ನು ಬಿಟ್ಟುಬಿಡಿ!"

ಮಾಂತ್ರಿಕ ಮೀಸೆ ತಿರುವಿದ. "ನಿಜವಾದ ಹೆಸರು ಹಿಡಿದು ಕರೆದರೆ ನನ್ನ ಮಾಯೆ ಕಳಚುತ್ತದೆ. ಮೂರು ಪರೀಕ್ಷೆ. ಸೋತೆಯೋ, ಸಂಜೆಗೆ ಕುಂಬಳಕಾಯಿ ಹುಳಿ!"

ಮೊದಲು ಚಿನ್ನದ ಗಟ್ಟಿ ಇಟ್ಟ. ಪಚ್ಚಿ ಕಚ್ಚಿತು. "ಬೆಲ್ಲ!" ಚಿನ್ನ ಬೆಲ್ಲವಾಯಿತು. ಆಮೇಲೆ ಕಣ್ಣು ಕುಕ್ಕುವ ಕೆಂಪು ಮಾಣಿಕ್ಯ ಇಟ್ಟ. ಪಚ್ಚಿ ಕಚ್ಚಿತು. "ಮೆಣಸಿನಕಾಯಿ! ಇನ್ನೊಂದು ಕೊಡು!"

ಮೂರನೆಯದು ನೂರು ಕುಂಬಳಕಾಯಿಗಳ ರಾಶಿ, ಅದರಲ್ಲೊಂದು ಸಿಂಗಾರಯ್ಯ. ಗಂಡನ ಹೆಸರನ್ನು ಹೆಂಡತಿ ಹೇಳಬಾರದು ಅನ್ನುವುದು ಆ ರಾಜ್ಯದ ನೇಮ. ಪಚ್ಚಿ ಆ ಹೆಸರನ್ನು ಕೇಳಿಯೇ ಇಲ್ಲ! "ನೇಮ ಸುಟ್ಟುಹೋಗಲಿ" ಎಂದು ಪುಟ್ಟೀರಮ್ಮ ಬಾಯಿ ತೆರೆದಳು. ಅಯ್ಯೋ ಶಿವನೇ, ಇಪ್ಪತ್ತು ವರ್ಷ ಹೇಳದ ಹೆಸರು ಈಗ ನೆನಪಿಗೇ ಬರಲೊಲ್ಲದು! ಅವಳಿಗೆ ಅಳು ಬಂತು.

ಪಚ್ಚಿ ಮಾತ್ರ ತನ್ನ ಪಾಡಿಗೆ ಕಚ್ಚುತ್ತಾ ಹೋಯಿತು. "ಕುಂಬಳ. ಕುಂಬಳ. ಕುಂಬಳ." ಅರವತ್ತೊಂದನೆಯದನ್ನು ಕಚ್ಚಿ ತಲೆ ವಾರೆ ಮಾಡಿತು. ಪುಟ್ಟೀರಮ್ಮನದೇ ದನಿಯಲ್ಲಿ ಕಿರುಚಿತು: "ಏಳ್ರೀ! ಹೊತ್ತು ನೆತ್ತಿಗೆ ಬಂತು, ಏಳ್ರೀ!"

ದಿನಾ ಬೆಳಿಗ್ಗೆ ಕೇಳಿ ಕೇಳಿ, ಯಜಮಾನರ ಹೆಸರು ಅದೇ ಅಂದುಕೊಂಡಿತ್ತು ಪಾಪ.

"ಅದು ಹೆಸರೇ ಅಲ್ಲ!" ಮಾಂತ್ರಿಕ ಹೊಟ್ಟೆ ಹಿಡಿದು ನಕ್ಕ. ಅಷ್ಟರಲ್ಲಿ ಕುಂಬಳಕಾಯಿ ಮಗ್ಗುಲು ಬದಲಾಯಿಸಿತು. "ಇನ್ನೊಂದು ಗಳಿಗೆ ಕಣೇ..." ಕೈ ಬಂತು, ಕಾಲು ಬಂತು, ಆಕಳಿಕೆಯೂ ಬಂತು. ಕರೆದರೆ ಓಗೊಟ್ಟ ಮೇಲೆ ಅದು ಹೆಸರಲ್ಲದೆ ಮತ್ತೇನು?

ಉರಿದುಹೋದ ಮಾಂತ್ರಿಕ ಗಿಣಿಯ ಕತ್ತು ಹಿಸುಕಲು ಕೈ ಚಾಚಿದ. ಪಚ್ಚಿ ಬೆರಳು ಕಚ್ಚಿ ರುಚಿ ನೋಡಿತು. "ಥೂ! ಹಾಗಲಕಾಯಿ!" ಟಪ್ಪನೆ ಒಂದು ಹಾಗಲಕಾಯಿ ನೆಲಕ್ಕೆ ಬಿತ್ತು, ಮೀಸೆ ಸಮೇತ. ಅವನ ಅಸಲು ಅಷ್ಟೇ! ಅವನ ಮಾಯೆಗೆ ಸಿಕ್ಕಿ ರುಬ್ಬುಗುಂಡಾಗಿದ್ದ ಮಂತ್ರಿ, ಒನಕೆಯಾಗಿದ್ದ ಸೇನಾಪತಿ, ಎಲ್ಲರೂ ಮನುಷ್ಯರಾಗಿ ಎದ್ದು ನಿಂತರು.

ಆಮೇಲೆ ಗಿಣಿಗೆರೆಯಲ್ಲಿ ಎಲ್ಲರಿಗೂ ಸುಖವೋ ಸುಖ, ಒಬ್ಬನನ್ನು ಬಿಟ್ಟು. ಸರಿಯಾದ ಹೆಸರು ಹೇಳಿದವರಿಗೆ ಅದೇ ಪದಾರ್ಥ ಬಹುಮಾನ ತಾನೇ? ಯಜಮಾನರು ಪಚ್ಚಿಯ ಪಾಲಾದರು. ಅದು ಅವರ ತಲೆಯ ಮೇಲೆ ಕೂತು ದಿನವಿಡೀ ಮೆಣಸಿನಕಾಯಿ ತರಿಸಿಕೊಂಡು ತಿಂದಿತು. ಸಿಂಗಾರಯ್ಯನಿಗೆ ಮಧ್ಯಾಹ್ನದ ನಿದ್ದೆ ಮತ್ತೆಂದೂ ಸಿಗಲಿಲ್ಲ.